ಡೀಫಾಲ್ಟ್ ರೂಟ್‌ನ ಆದ್ಯತೆ: ಮೂರು ಸಿಸ್ಟಂಗಳಲ್ಲಿ ನಾನು ಕಂಡದ್ದು

ಸಿಂಧನೂರಿನ ನಮ್ಮ ಆನ್‌ಲೈನ್ ಸೇವಾ ಕೇಂದ್ರಕ್ಕೆ ಎರಡು ಸಂಪರ್ಕಗಳಿವೆ: ತಂತಿಯಲ್ಲಿ ಬರುವ ಫೈಬರ್, ಅದು ಕೈಕೊಟ್ಟಾಗ ವೈಫೈ ಮೂಲಕ ಮೊಬೈಲ್ ಹಾಟ್‌ಸ್ಪಾಟ್. ಬೆಳೆ ವಿಮೆಯ ಕೊನೆಯ ದಿನ ರೈತರು ಪಹಣಿ ಹಿಡಿದು ಸಾಲಿನಲ್ಲಿ ನಿಂತಿರುವಾಗ, ಕಂಪ್ಯೂಟರ್ ಯಾವ ದಾರಿ ಹಿಡಿದಿದೆ, ಏಕೆ ಹಿಡಿದಿದೆ ಎಂಬುದು ತಕ್ಷಣ ತಿಳಿಯಬೇಕು. ಅದಕ್ಕೆಂದೇ ವಿಂಡೋಸ್, ಲೈನಕ್ಸ್, ಓಪನ್‌ಬಿಎಸ್‌ಡಿ ಎಂಬ ಮೂರು ಆಪರೇಟಿಂಗ್ ಸಿಸ್ಟಂಗಳನ್ನೂ ಇದೇ ಸಂಪರ್ಕಗಳ ಮೇಲೆ ಹಾಕಿ ನೋಡಿದೆ. ರೂಟ್ ಎಂದರೆ ಡೇಟಾ ಹೋಗುವ ದಾರಿ; ಬೇರೆ ದಾರಿ ಗೊತ್ತಿಲ್ಲದ ಎಲ್ಲ ಗುರಿಗಳಿಗೂ ಬಳಸುವುದು ಡೀಫಾಲ್ಟ್ ರೂಟ್. ಪ್ರತಿ ರೂಟ್‌ಗೂ ಆದ್ಯತೆಯ ಒಂದು ಸಂಖ್ಯೆ ಇರುತ್ತದೆ. ಒಂದೇ ಗುರಿಗೆ ಎರಡು ರೂಟ್‌ಗಳಿದ್ದರೆ ಚಿಕ್ಕ ಸಂಖ್ಯೆಯದೇ ಗೆಲ್ಲುತ್ತದೆ. ಮೂರರಲ್ಲೂ ನಿಯಮ ಇದೇ. ಆ ಸಂಖ್ಯೆ ಎಲ್ಲಿಂದ ಬಂತೆಂದು ಹೇಳುವುದರಲ್ಲಿ ಮಾತ್ರ ಅಜಗಜಾಂತರವಿದೆ.

ವಿಂಡೋಸ್‌ನ ಮಾತು ಬೇಗ ಮುಗಿಯುತ್ತದೆ. ಅದು ಇಂಟರ್‌ಫೇಸ್‌ನ (ತಂತಿ ಅಥವಾ ವೈಫೈ ಕಾರ್ಡ್‌ನ) ವೇಗ ನೋಡಿ ತಾನೇ ಒಂದು ಮೆಟ್ರಿಕ್ (ಆದ್ಯತೆಯ ಸಂಖ್ಯೆ) ಕೊಡುತ್ತದೆ, ಅದಕ್ಕೆ ರೂಟ್‌ನ ಮೆಟ್ರಿಕ್ ಕೂಡಿಸುತ್ತದೆ. ‘ರೂಟ್ ಪ್ರಿಂಟ್’ ಕಮಾಂಡ್ ತೋರಿಸುವುದು ಕೂಡಿಸಿದ ಮೊತ್ತವನ್ನು ಮಾತ್ರ. ಬಿಡಿಬಿಡಿಯಾಗಿ ಬೇಕಿದ್ದರೆ ಪವರ್‌ಶೆಲ್‌ಗೆ ಹೋಗಬೇಕು.

ಲೈನಕ್ಸ್‌ನಲ್ಲಿ ‘ಐಪಿ ರೂಟ್’ ಎಂದು ಕೊಟ್ಟರೆ ತಂತಿಗೆ 100, ವೈಫೈಗೆ 600 ಎಂದು ಕಾಣುತ್ತದೆ. ಇವು ಕರ್ನಲ್ (ಸಿಸ್ಟಂನ ತಿರುಳು) ಇಟ್ಟ ಸಂಖ್ಯೆಗಳು ಎಂದು ಬಹಳ ಮಂದಿ ತಿಳಿದಿದ್ದಾರೆ. ಅಲ್ಲ, ಇವನ್ನು ಇಟ್ಟದ್ದು ಸಂಪರ್ಕಗಳನ್ನು ನಿಭಾಯಿಸುವ ನೆಟ್‌ವರ್ಕ್‌ಮ್ಯಾನೇಜರ್ ಎಂಬ ಪ್ರೋಗ್ರಾಂ. ಅದೇ ಕೆಲಸವನ್ನು ಸಿಸ್ಟಂಡಿ-ನೆಟ್‌ವರ್ಕ್‌ಡಿ ಎಂಬ ಇನ್ನೊಂದು ಪ್ರೋಗ್ರಾಂಗೆ ಒಪ್ಪಿಸಿದರೆ ಡಿಎಚ್‌ಸಿಪಿ (ವಿಳಾಸವನ್ನು ತಾನಾಗಿ ಕೊಡುವ ವ್ಯವಸ್ಥೆ) ತಂದ ರೂಟ್‌ಗೆ 1024 ಬರುತ್ತದೆ. ಕರ್ನಲ್‌ನ ಸ್ವಂತ ನಿಲುವು ಗೊತ್ತಾಗುವುದು ಮೆಟ್ರಿಕ್ ಹೇಳದೆ ಕೈಯಿಂದ ರೂಟ್ ಸೇರಿಸಿದಾಗ. ಇಂಟರ್ನೆಟ್ ವಿಳಾಸದ ಹೊಸ ಪದ್ಧತಿ ಐಪಿವಿ6 ಆದರೆ 1024 ತುಂಬಿ ಎದುರಿಗೇ ತೋರಿಸುತ್ತದೆ. ಹಳೆಯ ಪದ್ಧತಿ ಐಪಿವಿ4 ಆದರೆ 0 ಇಡುತ್ತದೆ, ಆ ಸೊನ್ನೆಯನ್ನು ‘ಐಪಿ ರೂಟ್’ ತೋರಿಸುವುದೇ ಇಲ್ಲ! ಸಂಖ್ಯೆಯೇ ಇಲ್ಲದಂತೆ ಕಾಣುವ ಆ ಸಾಲು 100ನ್ನೂ ಸೋಲಿಸಿ ಎಲ್ಲರಿಗಿಂತ ಮುಂದೆ ನಿಂತಿರುತ್ತದೆ. ಹೊಸಬರನ್ನು ದಾರಿ ತಪ್ಪಿಸುವ ಜಾಗ ಇದೇ, ಇದನ್ನು ಸರಿಪಡಿಸಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

‘/ಪ್ರಾಕ್/ನೆಟ್/ರೂಟ್’ ಎಂಬ ಹಳೆಯ ಕಡತ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ಅಲ್ಲಿ ಮೆಟ್ರಿಕ್ ಕಾಲಂ ಸೊನ್ನೆಯನ್ನೂ ಸೊನ್ನೆಯೆಂದೇ ಬರೆಯುತ್ತದೆ. ಓದುವುದು ಮಾತ್ರ ಪ್ರಯಾಸ: ನಮ್ಮ ಗೇಟ್‌ವೇ (ಹೊರಗೆ ದಾಟಿಸುವ ಸಾಧನ) 192.168.1.1 ಅಲ್ಲಿ ಹದಿನಾರರ ಮಾನದಲ್ಲಿ (ಹೆಕ್ಸ್) 0101ಎ8ಸಿ0 ಆಗಿರುತ್ತದೆ. ಬಲದಿಂದ ಎಡಕ್ಕೆ ಎರಡೆರಡು ಅಂಕಿ ತೆಗೆದುಕೊಳ್ಳಬೇಕು; ಸಿ0 ಎಂದರೆ 192, ಎ8 ಎಂದರೆ 168. ಮೆಟ್ರಿಕ್ ಮಾತ್ರ ಅದೇ ಸಾಲಿನಲ್ಲಿ ಸಾದಾ ದಶಮಾನದಲ್ಲಿರುತ್ತದೆ. ಜೊತೆಗೆ ಈ ಕಡತದಲ್ಲಿ ಐಪಿವಿ4 ಮಾತ್ರ ಇದೆ. ‘ಐಪಿ ರೂಟ್’ನ ‘ಪ್ರೋಟೋ’ ಪದ ಇಲ್ಲಿಲ್ಲ. ರೂಟನ್ನು ಸೇರಿಸಿದ್ದು ಡಿಎಚ್‌ಸಿಪಿಯೋ ಕರ್ನಲ್ಲೋ ಎಂದು ಹೇಳುವ ಆ ಪದ ನನಗೆ ಬಹಳ ಸಲ ನೆರವಾಗಿದೆ.

ಓಪನ್‌ಬಿಎಸ್‌ಡಿಯ ‘ರೂಟ್ ಶೋ’ದಲ್ಲಿ ಆದ್ಯತೆಗೇ ಒಂದು ಕಾಲಂ ಇದೆ. ತಂತಿಗೆ 8, ವೈಫೈಗೆ 12. ಇಂತಹ ಸ್ಥಿರ (ಸ್ಟಾಟಿಕ್) ರೂಟ್‌ಗೆ 8, ಅದರ ಮೇಲೆ ವೈಫೈ ಇಂಟರ್‌ಫೇಸ್‌ನ 4 ಸೇರಿ 12. ಯುಎಂಬಿ ಎಂಬ ಚಾಲಕ (ಡ್ರೈವರ್) ನಡೆಸುವ ಮೊಬೈಲ್ ಬ್ರಾಡ್‌ಬ್ಯಾಂಡ್ ಆದರೆ 6 ಸೇರಿ 14. ರೂಟರ್‌ಗಳು ಪರಸ್ಪರ ದಾರಿ ತಿಳಿಸಲು ಬಳಸುವ ಪ್ರೋಟೋಕಾಲ್‌ಗಳಿಂದ ಬಂದ ರೂಟ್ ಆದರೆ ಓಎಸ್‌ಪಿಎಫ್‌ಗೆ 32, ಬಿಜಿಪಿಗೆ 48. ಈ ಲೆಕ್ಕವೆಲ್ಲ ಕರ್ನಲ್‌ನದೇ, ಕೈಪಿಡಿಯಲ್ಲಿ ಬಿಡಿಸಿ ಬರೆದದ್ದೇ. ಸಂಖ್ಯೆ ನೋಡಿದೊಡನೆ ಅದರ ಮೂಲ ಹೇಳಬಹುದು. ಕೇಬಲ್ ಕಿತ್ತರೆ ಬೇರೆ ಯಾವ ಪ್ರೋಗ್ರಾಂನ ಹಂಗೂ ಇಲ್ಲದೆ 12ರ ರೂಟ್‌ಗೆ ಸರಿಯುತ್ತದೆ. ಲೈನಕ್ಸ್ ಕರ್ನಲ್ ಹೀಗೆ ಮಾಡಬೇಕೆಂದರೆ ‘ಇಗ್ನೋರ್ ರೂಟ್ಸ್ ವಿತ್ ಲಿಂಕ್‌ಡೌನ್’ ಎಂಬ ಸೆಟ್ಟಿಂಗನ್ನು ನಾವೇ ಚಾಲೂ ಮಾಡಬೇಕು. ಇಲ್ಲವೇ ನೆಟ್‌ವರ್ಕ್‌ಮ್ಯಾನೇಜರ್ ಆ ರೂಟನ್ನು ತೆಗೆಯಬೇಕು.

ಆದರೆ ನಮ್ಮಲ್ಲಿ ಕೇಬಲ್ ಕೀಳುವುದು ಅಪರೂಪ. ರಸ್ತೆ ಅಗೆಯುವಾಗ ಫೈಬರ್ ತುಂಡಾಗುತ್ತದೆ, ಮೋಡೆಮ್‌ನ ಪೋರ್ಟ್ ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ಆಗ ಓಪನ್‌ಬಿಎಸ್‌ಡಿ 8ನ್ನೇ ಹಿಡಿದು ಕೂರುತ್ತದೆ. ನೆಟ್‌ವರ್ಕ್‌ಮ್ಯಾನೇಜರ್‌ನಲ್ಲಿ ಸಂಪರ್ಕ ತಪಾಸಣೆ ಚಾಲೂ ಇದ್ದರೆ ತಂತಿಯ ಮೆಟ್ರಿಕ್‌ಗೆ 20000 ಕೂಡಿಸಿ 20100 ಮಾಡುತ್ತದೆ, 600ರ ವೈಫೈ ಮುಂದೆ ಬರುತ್ತದೆ. ‘ಐಪಿ ಮಾನಿಟರ್ ರೂಟ್’ ತೆರೆದಿಟ್ಟರೆ ಈ ಬದಲಾವಣೆ ಆದ ಕ್ಷಣದಲ್ಲೇ ಕಾಣುತ್ತದೆ.

ಹೀಗಾಗಿ ಕೌಂಟರ್‌ನ ಯಂತ್ರಗಳಲ್ಲಿ ಲೈನಕ್ಸನ್ನೇ ಉಳಿಸಿಕೊಂಡಿದ್ದೇನೆ. ಕೇಂದ್ರದ ಹುಡುಗರಿಗೆ ರೂಟಿಂಗ್ ಕಲಿಸುವುದು ಓಪನ್‌ಬಿಎಸ್‌ಡಿ ಹಾಕಿದ ಯಂತ್ರದಲ್ಲಿ. ಆ ಕಾಲಂ ಮುಂದಿಟ್ಟು ವಿವರಿಸಿದರೆ ಮತ್ತೆ ಹೇಳುವ ಅಗತ್ಯ ಬೀಳುವುದಿಲ್ಲ.