ಮೊಂಡು ಹಲ್ಲು, ಖಾಲಿ ಬ್ಯಾಟರಿ: ಮೂರು ವರ್ಷ ಬಳಸಿದ ಚೈನ್‌ಸಾ ಬಗ್ಗೆ

ಹನ್ನೆರಡು ವರ್ಷ ಪೆಟ್ರೋಲ್ ಚೈನ್‌ಸಾ ಹಿಡಿದು ದುಡಿದ ಮೇಲೆ, ವೃತ್ತಿಪರರಿಗೆಂದೇ ತಯಾರಾದ 36 ವೋಲ್ಟ್‌ನ ಬ್ಯಾಟರಿ ಚೈನ್‌ಸಾ ಒಂದನ್ನು ಕೊಂಡು ಈಗ ಮೂರು ವರ್ಷ ಎರಡು ತಿಂಗಳಾಯಿತು. ಮೊದಲ ನಾಲ್ಕು ತಿಂಗಳಲ್ಲಿ ಬರೆಯಲು ಕುಳಿತಿದ್ದರೆ ಇದು ವಿಮರ್ಶೆಯ ಬದಲು ದೂರಿನ ಪತ್ರವಾಗಿರುತ್ತಿತ್ತು. ಆ ಸಿಟ್ಟು ಯಾಕೆ ಬಂತು, ಹೇಗೆ ಇಳಿಯಿತು, ಇಳಿದ ಮೇಲೂ ಉಳಿದಿರುವ ತಕರಾರುಗಳು ಯಾವುವು ಎಂಬುದನ್ನು, ಪೆಟ್ರೋಲೋ ಬ್ಯಾಟರಿಯೋ ಎಂದು ಯೋಚಿಸುತ್ತಿರುವವರಿಗಾಗಿ ಹೇಳುತ್ತೇನೆ. ತೂಕ, ಬಾರ್‌ನ (ಚೈನ್ ಸುತ್ತಿ ಓಡುವ ಉಕ್ಕಿನ ಪಟ್ಟಿಯ) ಉದ್ದ, ಚೈನ್‌ನ ವೇಗ ಇವೆಲ್ಲ ಪೆಟ್ಟಿಗೆಯ ಮೇಲೆಯೇ ಅಚ್ಚಾಗಿರುವುದರಿಂದ ಅವುಗಳ ಗೋಜಿಗೆ ಹೋಗುವುದಿಲ್ಲ.

ನನ್ನ ಕೆಲಸದ ಸ್ವರೂಪವನ್ನು ಮೊದಲು ತಿಳಿಸಬೇಕು, ಏಕೆಂದರೆ ತೀರ್ಪು ಅದನ್ನೇ ಅವಲಂಬಿಸಿದೆ. ಕೊಂಬೆ ಸವರುವುದು, ಒತ್ತೊತ್ತಾಗಿ ಬೆಳೆದ ಎಳೆಯ ಮರಗಳನ್ನು ವಿರಳಗೊಳಿಸುವುದು, ಗಾಳಿಗೆ ಉರುಳಿದ ಮರಗಳನ್ನು ತುಂಡರಿಸುವುದು ನನ್ನ ನಿತ್ಯದ ಕೆಲಸ. ಇಡೀ ದಿನ ಹೊರಗೇ ಇದ್ದರೂ ಚೈನ್ ನಿಜವಾಗಿ ತಿರುಗುವುದು ಎಲ್ಲ ಸೇರಿ ಒಂದು ಗಂಟೆಯಷ್ಟೇ. ಉಳಿದ ಸಮಯವೆಲ್ಲ ನೋಡುವುದರಲ್ಲಿ, ಎಳೆಯುವುದರಲ್ಲಿ, ಪೇರಿಸುವುದರಲ್ಲಿ ಕಳೆಯುತ್ತದೆ. ಈ ಬಿಟ್ಟು ಬಿಟ್ಟು ನಡೆಯುವ ಕೆಲಸಕ್ಕೆ ಟು-ಸ್ಟ್ರೋಕ್ ಎಂಜಿನ್ ಒಗ್ಗುವುದಿಲ್ಲ ಎಂಬುದು ನನ್ನ ಹಳೆಯ ಅನುಭವ. ಒಂದು ಕೊಂಬೆ ಕೊಯ್ದು ಎಂಜಿನ್ ಆರಿಸಿ, ಹತ್ತು ನಿಮಿಷದ ನಂತರ ಬಿಸಿಯಾಗಿರುವ ಎಂಜಿನ್ನಿನ ಹಗ್ಗ ಎಳೆದರೆ, ಅದು ಹತ್ತಿಕೊಳ್ಳುವುದೋ ಪೆಟ್ರೋಲ್ ತುಂಬಿಕೊಂಡು ಪ್ಲಗ್ ಒದ್ದೆ ಮಾಡಿಕೊಳ್ಳುವುದೋ ಹೇಳುವಂತಿರಲಿಲ್ಲ. ಲೀಟರಿಗೆ 20 ಮಿಲಿಲೀಟರ್ ಎಣ್ಣೆ ಬೆರೆಸಿ ಇಟ್ಟ ಇಂಧನ ವಾರಗಳು ಕಳೆದಂತೆ ಹಳತಾಗುತ್ತದೆ. ಎಥೆನಾಲ್ ಬೆರೆತ ಪೆಟ್ರೋಲ್ ನೀರಿನ ಪಸೆಯನ್ನು ಹೀರಿಕೊಂಡು ಕಾರ್ಬ್ಯುರೇಟರಿನ ಒಳಗೆ ಕೆಡುಕು ಮಾಡುತ್ತದೆ. ಇವೆಲ್ಲಕ್ಕಿಂತ ಹೆಚ್ಚಾಗಿ, ರಾತ್ರಿ ಮಲಗಿದಾಗ ಬಲಗೈಯ ಎರಡು ಬೆರಳು ಜೋಮು ಹಿಡಿಯಲು ಆರಂಭವಾಗಿತ್ತು. ಕಂಪನಕ್ಕೆ ವರ್ಷಗಟ್ಟಲೆ ಒಡ್ಡಿಕೊಂಡ ಕೈಗಳಲ್ಲಿ ಬೆರಳು ಬಿಳಿಚಿ ಸ್ಪರ್ಶ ತಪ್ಪುವ ಕಾಯಿಲೆಯ ಬಗ್ಗೆ ನನಗೆ ತಿಳಿದಿತ್ತು. ಯಂತ್ರ ಬದಲಿಸುವ ನಿರ್ಧಾರವನ್ನು ಮಾಡಿದ್ದು ಆ ಎರಡು ಬೆರಳುಗಳೇ ಎನ್ನಬಹುದು.

ಮೊದಲ ತಿಂಗಳು ಸಂತೋಷದಿಂದಲೇ ಕಳೆಯಿತು. ಟ್ರಿಗರ್ ಒತ್ತಿದ ಕ್ಷಣಕ್ಕೆ ಚೈನ್ ಪೂರ್ಣ ಬಲದಿಂದ ಓಡುತ್ತದೆ, ಬೆರಳು ತೆಗೆದರೆ ಎಲ್ಲವೂ ನಿಶ್ಶಬ್ದ. ಆದರೆ ಎರಡನೇ ತಿಂಗಳಿನಿಂದ ಬ್ಯಾಟರಿ ಬೇಗ ಬೇಗ ಖಾಲಿಯಾಗತೊಡಗಿತು. ಅದರ ಬೆನ್ನಿನ ನಾಲ್ಕು ದೀಪಗಳಲ್ಲಿ ಮೊದಲನೆಯದು ಆರಿದ್ದನ್ನು ನಾನು ಗಮನಿಸುವಷ್ಟರಲ್ಲಿ ಎರಡನೆಯದೂ ಆರಿರುತ್ತಿತ್ತು. ಸ್ವಲ್ಪ ದಪ್ಪನೆಯ ದಿಮ್ಮಿಯಾದರೆ, ಭಾರ ತಾಳದೆ ಮೋಟಾರು ಕೊಯ್ತದ ನಡುವೆಯೇ ನಿಲ್ಲುತ್ತಿತ್ತು. ಬಿಸಿಯಾದ ಬ್ಯಾಟರಿಯನ್ನು ಚಾರ್ಜರಿಗೆ ಸಿಕ್ಕಿಸಿದರೆ ಅದು ತಣಿಯುವವರೆಗೂ ಚಾರ್ಜರು ವಿದ್ಯುತ್ತನ್ನೇ ಕೊಡುವುದಿಲ್ಲ. ಫ್ಯಾನ್ ತಿರುಗುತ್ತಾ, ಕೆಂಪು ದೀಪ ಮಿನುಗುತ್ತಾ ನಮ್ಮನ್ನು ಕಾಯಿಸುತ್ತದೆ. ಒಂದೊಂದು ದಿನ ಮಧ್ಯಾಹ್ನಕ್ಕೇ ಎರಡೂ ಬ್ಯಾಟರಿ ಮುಗಿದು, ಕೆಲಸದವರು ಕೈಕಟ್ಟಿ ಕೂರುವಂತಾಯಿತು. ಎರಡನೇ ಬ್ಯಾಟರಿಗೆ ಹಣ ಹೊಂದಿಸಲು ಒಂದು ಇಡೀ ಋತು ಕಾದವನು ನಾನು. ಮೂರನೆಯದನ್ನು ಕೊಳ್ಳುವ ಮಾತೇ ಇರಲಿಲ್ಲ.

ಆಗ ನಾನು ಹಾಕಿದ ಲೆಕ್ಕ ನನ್ನ ಸಿಟ್ಟನ್ನು ಮತ್ತಷ್ಟು ಹೆಚ್ಚಿಸಿತು. 36 ವೋಲ್ಟ್, 8 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇರುವುದು 288 ವ್ಯಾಟ್-ಗಂಟೆ ಶಕ್ತಿ. ಅರ್ಧ ಲೀಟರ್ ಪೆಟ್ರೋಲಿನಲ್ಲಿ ಸುಮಾರು 4,500 ವ್ಯಾಟ್-ಗಂಟೆ ಶಕ್ತಿಯಿದೆ. ಅದರಲ್ಲಿ ಐದನೇ ಒಂದು ಪಾಲು ಮಾತ್ರ ಕೆಲಸಕ್ಕೆ ಬಂದು ಉಳಿದದ್ದು ಶಾಖವಾಗಿ ಹೋಗುತ್ತದೆ ಎಂದಿಟ್ಟುಕೊಂಡರೂ 900 ಉಳಿಯುತ್ತದೆ. ಅಂದರೆ ನನ್ನ ಹಳೆಯ ಯಂತ್ರದ ಒಂದು ಟ್ಯಾಂಕು ಹೊಸ ಬ್ಯಾಟರಿಯ ಮೂರರಷ್ಟು. ಅದೂ ಸಾಲದೆ ಟ್ಯಾಂಕನ್ನು ಒಂದು ನಿಮಿಷದಲ್ಲಿ ತುಂಬಿಸಬಹುದು. ಇಷ್ಟು ಹಣ ಸುರಿದು ಮೂರನೇ ಒಂದು ಭಾಗ ಕೊಂಡೆನೇ ಎಂದು ವ್ಯಥೆಪಟ್ಟು, ಬ್ಯಾಟರಿ ದೋಷದ್ದಿರಬೇಕೆಂದು ಮಾರಿದವರಿಗೆ ಬರೆದೆ. ಪರೀಕ್ಷಿಸಿ ನೋಡಿದ ಅವರು ಬ್ಯಾಟರಿಯಲ್ಲಿ ಏನೂ ಕೊರತೆಯಿಲ್ಲವೆಂದು ಹಿಂದಿರುಗಿಸಿದರು. ಆ ಉತ್ತರವನ್ನೂ ನಾನು ನಂಬಲಿಲ್ಲ.

ನಂಬಿಕೆ ಬಂದದ್ದು ಒಂದು ಭಾನುವಾರ, ನಾನೇ ಮಾಡಿದ ಪರೀಕ್ಷೆಯಿಂದ. ಒಣಗಿದ, ಕೆಚ್ಚು ತುಂಬಿದ, ಸುಮಾರು 25 ಸೆಂಟಿಮೀಟರ್ ಅಡ್ಡಳತೆಯ ನೀಳ ದಿಮ್ಮಿಯೊಂದನ್ನು ಕೊರಡಿನ ಮೇಲೆ ಏರಿಸಿ, ಪೂರ್ತಿ ಚಾರ್ಜಾದ ಬ್ಯಾಟರಿ ಹಾಕಿ, ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತಾ ಹೋದೆ. ಹತ್ತೊಂಬತ್ತನೇ ಬಿಲ್ಲೆಗೆ ಯಂತ್ರ ನಿಂತಿತು. ಅದೇ ಬ್ಯಾಟರಿಯನ್ನು ತಣಿಸಿ, ಮತ್ತೆ ತುಂಬಿಸಿ, ಪೆಟ್ಟಿಗೆಯೊಂದಿಗೆ ಬಂದು ಹಾಗೆಯೇ ಉಳಿದಿದ್ದ ಹೊಸ ಚೈನ್ ಏರಿಸಿ ಅದೇ ದಿಮ್ಮಿಯನ್ನು ಮುಂದುವರಿಸಿದಾಗ ನಲವತ್ತೊಂದು ಬಿಲ್ಲೆ ಬಂದವು. ನೆಲದ ಮೇಲೆ ಎರಡು ಗುಡ್ಡೆಗಳು ಅಕ್ಕಪಕ್ಕ ಬಿದ್ದಿದ್ದವು. ಒಂದರಲ್ಲಿದ್ದದ್ದು ಬೆರಳ ನಡುವೆ ಹಿಟ್ಟಿನಂತೆ ಜಾರುವ, ಸ್ವಲ್ಪ ಕಂದು ತಿರುಗಿದ ಪುಡಿ; ಇನ್ನೊಂದರಲ್ಲಿದ್ದದ್ದು ಉಗುರಿನಷ್ಟು ಅಗಲದ, ಅಂಚು ಸ್ಪಷ್ಟವಾಗಿ ಕತ್ತರಿಸಿದಂತಿದ್ದ ಚಕ್ಕೆಗಳು. ಹಳೆಯ ಚೈನನ್ನು ಕಳಚಿ ಬೆಳಕಿಗೆ ಹಿಡಿದು ನೋಡಿದೆ. ಪ್ರತಿ ಹಲ್ಲಿನ ಮುಂದಂಚಿನಲ್ಲೂ ಕೂದಲೆಳೆಯಷ್ಟು ಬಿಳಿಯ ಗೆರೆ ಹೊಳೆಯುತ್ತಿತ್ತು. ಹರಿತವಾದ ಅಂಚು ಬೆಳಕನ್ನು ಪ್ರತಿಫಲಿಸುವುದಿಲ್ಲ. ದುಂಡಗಾದ ಅಂಚು ಮಾತ್ರ ಹಾಗೆ ಹೊಳೆಯುತ್ತದೆ. ಅಂದು ಸಂಜೆ ಆ ಚೈನಿಗೆ ಗಮನವಿಟ್ಟು ಅರ ಹಾಕಿ ಮರುದಿನ ಕೊಯ್ದಾಗ ಅದೇ ಹಳೆಯ ಚೈನು ಮೂವತ್ತೇಳು ಬಿಲ್ಲೆ ಕೊಟ್ಟಿತು.

ಹನ್ನೆರಡು ವರ್ಷ ಇದು ನನ್ನ ಗಮನಕ್ಕೆ ಬರದಿರಲು ಕಾರಣ ಪೆಟ್ರೋಲ್ ಎಂಜಿನ್ನಿನ ಧಾರಾಳತನ. ಹಲ್ಲು ಮೊಂಡಾದರೂ ಎಂಜಿನ್ನಿನಲ್ಲಿ ಬಲ ಮಿಕ್ಕಿರುತ್ತದೆ. ನಾವು ಕೊಂಚ ಒತ್ತುತ್ತೇವೆ, ಅದು ಕೊಂಚ ಗರ್ಜಿಸುತ್ತದೆ, ಕೊಯ್ತ ಮುಗಿಯುತ್ತದೆ. ಹೆಚ್ಚು ಸುಟ್ಟ ಇಂಧನದ ಲೆಕ್ಕ ಡಬ್ಬಿಯಲ್ಲಿ ಕರಗಿಹೋಗುತ್ತದೆ. ಬ್ಯಾಟರಿಯಲ್ಲಿ ಶಕ್ತಿ ಅಳತೆಗೆ ಸಿಕ್ಕಿದ್ದು, ಅದರ ದೀಪಗಳು ಕಣ್ಣೆದುರೇ ಇರುತ್ತವೆ. ಮೊಂಡು ಹಲ್ಲು ಮರವನ್ನು ಕತ್ತರಿಸುವ ಬದಲು ಉಜ್ಜಿದಾಗ ವ್ಯರ್ಥವಾದದ್ದೆಲ್ಲ ಅಲ್ಲಿ ದಾಖಲಾಗುತ್ತದೆ. ನಾನು ದೋಷವೆಂದು ತಿಳಿದಿದ್ದು ಈ ಯಂತ್ರದ ನೇರ ನುಡಿ. ಇದನ್ನು ಅರಿತ ದಿನದಿಂದ ಅದರ ಬಗೆಗಿನ ನನ್ನ ಭಾವನೆ ಬದಲಾಯಿತು.

ಈಗ ಪ್ರತಿ ಸಂಜೆ ಅರ್ಧ ಗಂಟೆ ಚೈನಿಗೆ ಮೀಸಲು, ಅದು ದಿನದ ಅತ್ಯಂತ ನೆಮ್ಮದಿಯ ಸಮಯವೂ ಹೌದು. ಮೊದಲು ಬ್ಯಾಟರಿಯನ್ನು ಹೊರತೆಗೆಯುತ್ತೇನೆ. ಬ್ಯಾಟರಿ ಒಳಗಿರುವಾಗ ಚೈನಿನ ಹತ್ತಿರ ಬೆರಳು ಒಯ್ಯಬಾರದು, ಏಕೆಂದರೆ ಈ ಯಂತ್ರ ಎಚ್ಚರವಾಗಿದೆ ಎಂದು ತಿಳಿಸುವ ಯಾವ ಸದ್ದೂ ಅದರಲ್ಲಿಲ್ಲ. ಪಕ್ಕದ ಮುಚ್ಚಳ ಬಿಚ್ಚಿ, ಹಲ್ಲುಚಕ್ರದ ಸುತ್ತ ಎಣ್ಣೆಯೊಂದಿಗೆ ಮೆತ್ತಿಕೊಂಡ ಪುಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು, ಬಾರ್‌ನ ಅಂಚಿನಲ್ಲಿ ಚೈನ್ ಕೂರುವ ತೋಡನ್ನು ತೆಳುವಾದ ತಗಡಿನಿಂದ ಗೀರಿ ಶುಚಿ ಮಾಡಿ, ಎರಡೂ ಅಂಚು ಸಮನಾಗಿ ಸವೆಯಲೆಂದು ಬಾರ್ ಅನ್ನು ತಿರುವಿ ಹಾಕುತ್ತೇನೆ. ಆಮೇಲೆ ಬಾರ್ ಅನ್ನು ವೈಸಿಗೆ ಬಿಗಿದು, ಒಂದು ಹಲ್ಲಿಗೆ ಶಾಯಿ ಹಚ್ಚಿ, ಅಲ್ಲಿಂದ ಅರ ಹಿಡಿಯುತ್ತೇನೆ. ನನ್ನ ಚೈನಿಗೆ 4 ಮಿಲಿಮೀಟರ್‌ನ ದುಂಡು ಅರ ಬೇಕು, ಕೋನ 30 ಡಿಗ್ರಿ. ಅರ ಕತ್ತರಿಸುವುದು ಮುಂದಕ್ಕೆ ತಳ್ಳುವಾಗ ಮಾತ್ರ. ಹಿಂದಕ್ಕೆ ತರುವಾಗ ಹಲ್ಲಿನಿಂದ ಎತ್ತಿಕೊಂಡೇ ತರಬೇಕು. ಹಲ್ಲಿನ ಒಳಗಿನಿಂದ ಹೊರಕ್ಕೆ ಮೂರು ಸಲ ತಳ್ಳಿ ಮುಂದಿನದಕ್ಕೆ ಹೋಗುತ್ತೇನೆ. ಒಂದು ಬದಿಯ ಹಲ್ಲುಗಳೆಲ್ಲ ಮುಗಿದ ಮೇಲೆ ಇನ್ನೊಂದು ಬದಿ, ಅಷ್ಟೇ ಸಲ, ಅಷ್ಟೇ ಒತ್ತಡದಲ್ಲಿ. ಬಲಗೈಯವರಿಗೆ ಒಂದು ಬದಿ ಸುಲಭವಾಗಿ ಹೆಚ್ಚು ಸವೆಯುವುದರಿಂದ ಬಾರ್ ಮರದೊಳಗೆ ಒಂದು ಕಡೆಗೆ ವಾಲುತ್ತಾ ಹೋಗುತ್ತದೆ. ಮೊಂಡು ಹಲ್ಲಿನ ಮೇಲೆ ಅರ ಜಾರುತ್ತದೆ, ಎರಡನೇ ಸಲ ತಳ್ಳಿದಾಗ ಹಿಡಿಯುತ್ತದೆ, ಮೂರನೆಯದಕ್ಕೆ ಅದರ ದನಿಯೇ ತೆಳ್ಳಗಾಗುತ್ತದೆ. ಆ ದನಿ ಬಂದರೆ ಹಲ್ಲು ಸಿದ್ಧ.

ಹಲ್ಲು ಮರದೊಳಗೆ ಎಷ್ಟು ಆಳ ಇಳಿಯಬೇಕೆಂದು ನಿರ್ಧರಿಸುವ, ಹಲ್ಲಿನ ಮುಂದಿರುವ ಗುಬುಟಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಹಲ್ಲಿನ ತುದಿಗಿಂತ ಸುಮಾರು 0.65 ಮಿಲಿಮೀಟರ್ ತಗ್ಗಿನಲ್ಲಿರಬೇಕು. ಅರ ಹಾಕಿ ಹಾಕಿ ಹಲ್ಲು ಕುಗ್ಗಿದಂತೆ ಗುಬುಟು ಎತ್ತರವಾಗಿಯೇ ಉಳಿದರೆ, ಎಷ್ಟು ಹರಿತವಿದ್ದರೂ ಹಲ್ಲು ಮರದೊಳಗೆ ಇಳಿಯದೆ ಮತ್ತೆ ಪುಡಿಯೇ ಬರುತ್ತದೆ. ಬೇಗ ಕೊಯ್ಯಲೆಂದು ಅದನ್ನು ಹೆಚ್ಚು ತಗ್ಗಿಸಿದರೆ ಚೈನು ಮರವನ್ನು ಕಚ್ಚಿ ಎಳೆಯುತ್ತದೆ, ಬ್ಯಾಟರಿ ಯಂತ್ರ ಭಾರಕ್ಕೆ ನಿಲ್ಲುತ್ತದೆ, ಬಾರ್‌ನ ಮೂತಿ ಹಿಂದಕ್ಕೆ ಒದೆಯುವ ಅಪಾಯವೂ ಹೆಚ್ಚುತ್ತದೆ. ನಾಲ್ಕು ಸಲ ಅರ ಹಾಕಿದ ಮೇಲೆ ಒಂದು ಸಲ ಅಳತೆಪಟ್ಟಿ ಇಟ್ಟು ನೋಡುವುದು ಸಾಕು.

ಉಳಿದ ತಕರಾರುಗಳಲ್ಲಿ ಮೊದಲನೆಯದು ಎಣ್ಣೆ. ಪೆಟ್ರೋಲ್ ಯಂತ್ರದಲ್ಲಿ ಚೈನ್ ಎಣ್ಣೆಯ ಟ್ಯಾಂಕನ್ನು ಇಂಧನ ಮುಗಿದಾಗಲೂ ಸ್ವಲ್ಪ ಎಣ್ಣೆ ಉಳಿಯುವಂತೆ ಮಾಡಿರುತ್ತಾರೆ. ಎರಡನ್ನೂ ಒಟ್ಟಿಗೆ ತುಂಬಿಸುವುದು ಕೈಗೆ ಅಂಟಿದ ಅಭ್ಯಾಸ. ಬ್ಯಾಟರಿ ಬದಲಿಸುವಾಗ ಡಬ್ಬಿ ಕೈಯಲ್ಲಿ ಇರುವುದಿಲ್ಲವಾದ್ದರಿಂದ ಎಣ್ಣೆಯ ನೆನಪೇ ಬರುವುದಿಲ್ಲ, ಒಮ್ಮೆ ನಾನು ಎಣ್ಣೆಯಿಲ್ಲದೆ ಕೊಯ್ದು ಬಾರ್‌ನ ಮೂತಿ ನೀಲಿಗಟ್ಟುವಂತೆ ಮಾಡಿದೆ. ಯಂತ್ರ ನಿಲ್ಲಿಸಿಟ್ಟಲ್ಲೆಲ್ಲ ಆ ಎಣ್ಣೆ ಒಸರುವುದೂ ತಪ್ಪಿಲ್ಲ. ಮೂರು ವರ್ಷಗಳಲ್ಲಿ ಇದಕ್ಕೆ ಕಂಡುಕೊಂಡ ಪರಿಹಾರವೆಂದರೆ ಅಡಿಗೆ ಹಾಸುವ ರಟ್ಟು ಮಾತ್ರ. ಬಿಸಿ ಬ್ಯಾಟರಿಯನ್ನು ಚಾರ್ಜರು ಒಲ್ಲೆನ್ನುವುದು ಲಿಥಿಯಂ-ಅಯಾನ್ ಕೋಶಗಳ ಆಯುಷ್ಯಕ್ಕಾಗಿ ಎಂದು ತಿಳಿದಿದ್ದರೂ, ಕೆಲಸದ ನಡುವೆ ಕಾಯುವುದು ಇಂದಿಗೂ ಕಿರಿಕಿರಿಯೇ. ತಿಂಗಳುಗಟ್ಟಲೆ ಬಳಸದೆ ಇಡುವಾಗ ಪೂರ್ತಿ ತುಂಬಿಸದೆ, ಪೂರ್ತಿ ಬರಿದೂ ಮಾಡದೆ, ಅರ್ಧದಷ್ಟು ಚಾರ್ಜಿನಲ್ಲಿ ತಂಪಾದ ಕಡೆ ಇಟ್ಟಿದ್ದರಿಂದಲೋ ಏನೋ, ಎರಡೂ ಬ್ಯಾಟರಿಗಳು ಈಗಲೂ ಹೆಚ್ಚುಕಡಿಮೆ ಮೊದಲಿನಷ್ಟೇ ಬಾಳಿಕೆ ಕೊಡುತ್ತಿವೆ.

ನಿಶ್ಶಬ್ದದ ಬಗ್ಗೆ ನಾನು ನಿರೀಕ್ಷಿಸದೆ ಇದ್ದ ಲಾಭವೊಂದಿದೆ. ಕೊಯ್ಯುವಾಗ ಇದರ ಸದ್ದೂ ಕಡಿಮೆಯೇನಲ್ಲ, ಕಿವಿಗೆ ಮುಚ್ಚಳ ಬೇಕೇ ಬೇಕು. ಆದರೆ ಟ್ರಿಗರ್ ಬಿಟ್ಟ ಕೂಡಲೇ ಮರದ ಸದ್ದು ಕೇಳುತ್ತದೆ. ಬಾಗಿ ಸಿಕ್ಕಿಕೊಂಡ ಕೊಂಬೆಯ ನಾರು ಒಂದೊಂದಾಗಿ ಚಿಟಿಲ್ಲೆನ್ನುವುದು, ಮೇಲೆ ತೂಗಿಕೊಂಡಿರುವ ರೆಂಬೆ ಕಿರ್ರೆನ್ನುವುದು, ಹಗ್ಗ ಹಿಡಿದವರು ತಡೆಯಿರಿ ಎನ್ನುವುದು, ಇವೆಲ್ಲ ಎಂಜಿನ್ನಿನ ಗುಡುಗುಡು ಸದ್ದಿನಲ್ಲಿ ನನಗೆ ಎಂದೂ ಕೇಳಿಸಿರಲಿಲ್ಲ. ಬೆರಳುಗಳ ಜೋಮು ಮೊದಲ ವರ್ಷದಲ್ಲೇ ಕಡಿಮೆಯಾಯಿತು.

ಹಳೆಯ ಪೆಟ್ರೋಲ್ ಯಂತ್ರವನ್ನು ಮಾರಿಲ್ಲ. ತೋಳಿನ ತೆಕ್ಕೆಗೆ ಮೀರಿದ ಒಣ ಕಾಂಡಗಳನ್ನು ಬೆಳಗಿನಿಂದ ಸಂಜೆಯವರೆಗೆ ಕೊಯ್ಯುವ ದಿನಗಳು ವರ್ಷಕ್ಕೆ ನಾಲ್ಕೈದು ಬರುತ್ತವೆ. ಅಂದು ಅದೇ ಬೇಕು. ದಿನನಿತ್ಯ ಅಂಥ ಕೆಲಸವೇ ಇರುವವರು, ಕೆಲಸದ ಸ್ಥಳದಿಂದ ವಿದ್ಯುತ್ ದೂರವಿರುವವರು, ಒಂದೇ ಬ್ಯಾಟರಿಗೆ ಮಾತ್ರ ಹಣವಿರುವವರು ಬ್ಯಾಟರಿ ಯಂತ್ರ ಕೊಂಡರೆ ಪಶ್ಚಾತ್ತಾಪಪಡುತ್ತಾರೆ ಎಂದೇ ನನ್ನ ಅಭಿಪ್ರಾಯ. ನನ್ನಂತೆ ಬಿಟ್ಟು ಬಿಟ್ಟು ಕೊಯ್ಯುವವರು ಎರಡು ಬ್ಯಾಟರಿಯೊಂದಿಗೆ ಧೈರ್ಯವಾಗಿ ಕೊಳ್ಳಬಹುದು, ಅರ ಹಿಡಿಯಲು ಮನಸ್ಸಿದ್ದರೆ.

ಮೂರನೇ ಬ್ಯಾಟರಿಗೆಂದು ಕೂಡಿಟ್ಟ ಹಣದ ಸಣ್ಣ ಪಾಲಿನಲ್ಲಿ ಕಳೆದ ವರ್ಷ ನಾಲ್ಕು ಚೈನು, ಒಂದು ಡಜನ್ ಅರ ಕೊಂಡೆ. ಅರ ಹಾಕಿದ ಎರಡು ಚೈನುಗಳನ್ನು ಬಟ್ಟೆಯಲ್ಲಿ ಸುತ್ತಿ, ಎಣ್ಣೆಯ ಡಬ್ಬಿಯೊಂದಿಗೆ ಎರಡನೇ ಬ್ಯಾಟರಿಯ ಪೆಟ್ಟಿಗೆಯಲ್ಲೇ ಇಡುತ್ತೇನೆ. ಮೊದಲ ಬ್ಯಾಟರಿ ಮುಗಿದು ಆ ಪೆಟ್ಟಿಗೆ ತೆರೆದಾಗ ಮೂರೂ ಒಟ್ಟಿಗೇ ಕೈಗೆ ಬರುತ್ತವೆ: ಎಣ್ಣೆ ತುಂಬಿ, ಚೈನು ಬದಲಿಸಿ, ಕೊನೆಗೆ ಬ್ಯಾಟರಿ ಸಿಕ್ಕಿಸುತ್ತೇನೆ.