ಮೊರ್ಗೊನ್: ಬೋಜೊಲೆಯ ಗಟ್ಟಿ ಕೆಂಪು ವೈನ್

ಫ್ರಾನ್ಸಿನ ಬೋಜೊಲೆ ಎಂದರೆ ನವೆಂಬರ್ ಮೂರನೇ ಗುರುವಾರ ಬಿಡುಗಡೆಯಾಗುವ, ಬಾಳೆಹಣ್ಣಿನ ವಾಸನೆಯ ಎಳೆ ವೈನ್ ಎಂದುಕೊಂಡವರು ಮೊರ್ಗೊನ್ ಒಮ್ಮೆ ಕುಡಿದು ನೋಡಬೇಕು. ಅದೇ ಸೀಮೆ, ಅದೇ ಗಾಮೆ ದ್ರಾಕ್ಷಿ. ಆದರೆ ಅಲ್ಲಿನ ಹತ್ತು 'ಕ್ರೂ'ಗಳಲ್ಲಿ, ಅಂದರೆ ಸ್ವಂತ ಹೆಸರಿನಲ್ಲೇ ವೈನ್ ಮಾರುವ ಮೇಲ್ದರ್ಜೆಯ ಪ್ರದೇಶಗಳಲ್ಲಿ, ಇದೂ ಒಂದು. 1936ರಿಂದ ಇದಕ್ಕೆ ಪ್ರತ್ಯೇಕ ಮಾನ್ಯತೆಯಿದೆ. ಲೇಬಲಿನಲ್ಲಿ ಬೋಜೊಲೆ ಎಂಬ ಹೆಸರು ಬಹಳ ಸಲ ಇರುವುದೇ ಇಲ್ಲ, ಅಂಗಡಿಯಲ್ಲಿ ಕೈತಪ್ಪುವುದು ಅದಕ್ಕೇ.

ಇದರ ಗುಟ್ಟೆಲ್ಲ ಟ್ಯಾಂಕಿನಲ್ಲಿದೆ. ಹಣ್ಣು ಜಜ್ಜುವುದಿಲ್ಲ, ಕೈಯಲ್ಲಿ ಕೊಯ್ದ ಗೊಂಚಲುಗಳನ್ನು ಕಾಂಡದ ಸಮೇತ ಸುರಿಯುತ್ತಾರೆ. ಮೇಲಿನ ಭಾರಕ್ಕೆ ತಳದ ಹಣ್ಣು ಒಡೆದು ರಸ ಹುದುಗುತ್ತದೆ, ಇಂಗಾಲದ ಡೈಆಕ್ಸೈಡ್ ಎದ್ದು ಟ್ಯಾಂಕ್ ತುಂಬುತ್ತದೆ. ಗಾಳಿ ಸಿಗದ ಮೇಲಿನ ಇಡೀ ಹಣ್ಣುಗಳು ಯೀಸ್ಟಿನ ಹಂಗಿಲ್ಲದೆ, ತಮ್ಮದೇ ಕಿಣ್ವಗಳಿಂದ ಸಿಪ್ಪೆಯೊಳಗೇ ಹುದುಗತೊಡಗುತ್ತವೆ. ಒಳಗೆ ಆಲ್ಕೊಹಾಲ್ ಸುಮಾರು ಶೇ 2 ಮುಟ್ಟುವ ಹೊತ್ತಿಗೆ ಹಣ್ಣು ಬಿರಿಯುತ್ತದೆ. ಮ್ಯಾಲಿಕ್ ಹುಳಿ ಇಳಿಯುವುದು, ಬೆರಿ ಹಣ್ಣಿನ ಘಮ ಏಳುವುದು ಈ ಹಂತದಲ್ಲೇ. ಎಳೆ ವೈನಿಗೆ 4–5 ದಿನ ಸಾಕು. ಮೊರ್ಗೊನ್‌ಗೆ ಹಲವರು 10 ದಿನಕ್ಕೂ ಹೆಚ್ಚು ಬಿಡುತ್ತಾರೆ, ಒಗರು ಬರುವುದು ಆ ಹೆಚ್ಚುವರಿ ದಿನಗಳಲ್ಲಿ. ಆಮೇಲೆ ಹಿಂಡಿದಾಗ ಇಳಿಯುವ, ಸಕ್ಕರೆ ಇನ್ನೂ ಉಳಿದಿರುವ ರಸಕ್ಕೆ ಅಲ್ಲಿ 'ಪಾರಾದಿ' ಎನ್ನುತ್ತಾರೆ, ಸ್ವರ್ಗ ಅಂತ. ಬೇರೆ ಕೆಂಪು ವೈನುಗಳಲ್ಲಿ ಹಿಂಡಿದ ರಸ ಒರಟು. ಇಲ್ಲಿ ಅದಕ್ಕೇ ಬೆಲೆ.

ಕೆಡುವುದೂ ಇಲ್ಲೇ. ಕೊಯ್ಲಿನಲ್ಲಿ ಹಣ್ಣು ನಜ್ಜುಗುಜ್ಜಾದರೆ ವಿನೆಗರ್ ಬ್ಯಾಕ್ಟೀರಿಯಾ ಸೇರುತ್ತದೆ. ಕಾಂಡ ಬಲಿಯದಿದ್ದರೆ ಹಸಿ ಸೊಪ್ಪಿನ ಕಹಿ.

ಲೇಬಲಿನಲ್ಲಿ ಮೊರ್ಗೊನ್‌ನ ಕೋಟ್ ದ್ಯು ಪಿ ಗುಡ್ಡದ ಹೆಸರಿದ್ದರೆ ಎರಡು ಕಾಸು ಹೆಚ್ಚು ಕೊಡಬಹುದು. ಅಲ್ಲಿ ಕೈಯಲ್ಲಿ ಪುಡಿಯಾಗುವ ನೀಲಿ ಛಾಯೆಯ ಕಲ್ಲಿನ ನೆಲ. ವೈನು ಗಾಢ, ಚೆರ್ರಿಯ ರುಚಿ, ಹಿಂದಿನಿಂದ ಒಗರು. ಒಳ್ಳೆಯ ವರ್ಷದ್ದು ಹತ್ತು ವರ್ಷವಾದರೂ ಬಾಳುತ್ತದೆ. ಹಳತಾಗಿ ಬರ್ಗಂಡಿ ಸೀಮೆಯ ಪಿನೋ ನುವಾರ್ ದ್ರಾಕ್ಷಿಯ ವೈನಿನ ಹತ್ತಿರ ಹೋಗುವುದಕ್ಕೆ ಫ್ರೆಂಚರು 'ಮೊರ್ಗೊನೆ' ಎಂಬ ಕ್ರಿಯಾಪದವನ್ನೇ ಮಾಡಿಕೊಂಡಿದ್ದಾರೆ.

ಕೆಡದಿರಲೆಂದು ಬೆರೆಸುವ ಗಂಧಕವನ್ನು ಹಾಕದ ಬಾಟಲಿಗಳೂ ಸಿಗುತ್ತವೆ. ಬಿಸಿಲಲ್ಲಿ ಸಾಗಿ ಬಂದಿದ್ದರೆ ಅವು ಒಳಗೇ ಮತ್ತೆ ಹುದುಗಿ ನಾಲಗೆಗೆ ಚುರುಗುಟ್ಟುತ್ತವೆ, ಅಂಥದ್ದನ್ನು ಮರಳಿಸಿ. 'ರೂಮ್ ಟೆಂಪರೇಚರ್' ಎಂಬ ಮಾತು ನಮ್ಮ ಬೇಸಿಗೆಗಲ್ಲ: 28 ಡಿಗ್ರಿಯಲ್ಲಿ ಸ್ಪಿರಿಟ್ ವಾಸನೆ ಬಿಟ್ಟು ಬೇರೇನೂ ತಿಳಿಯದು. ಸುಮಾರು ಎರಡು ಗಂಟೆ ಫ್ರಿಜ್ಜಿನಲ್ಲಿಟ್ಟು, 14–15 ಡಿಗ್ರಿಗೆ ಇಳಿಸಿ ಸುರಿಯಿರಿ. ಒಗರು ಹದವಾಗಿರುವುದರಿಂದ ಕೋಳಿ ಸಾರಿನ ಖಾರವನ್ನೂ ತಡೆಯುತ್ತದೆ.