ಸೀರೆಯ ಹಿಂಬದಿ ತೋರಿಸುವ ಅಂಗಡಿ

ಆನ್‌ಲೈನ್‌ನಲ್ಲಿ ಇಳಕಲ್ ಸೀರೆ ನೋಡುವಾಗ ನಾನು ಮೊದಲು ಹುಡುಕುವುದು ಸೀರೆಯ ಹಿಂಬದಿಯ ಫೋಟೋ. ಪ್ರಿಂಟ್ ಸೀರೆಯಾದರೆ ಹಿಂದೆ ಬಣ್ಣ ಪೇಲವವಾಗಿರುತ್ತದೆ, ಅಲ್ಲಿಗೇ ಗುಟ್ಟು ಬಯಲು. ಎರಡನೆಯದಾಗಿ, ಒಡಲು ಮುಗಿದು ಸೆರಗು ಶುರುವಾಗುವ ಜಾಗದ ಹತ್ತಿರದ ಚಿತ್ರ. ಇಳಕಲ್‌ನಲ್ಲಿ ಒಡಲಿನ ಹಾಸು (ಮಗ್ಗದ ಮೇಲೆ ಉದ್ದಕ್ಕೆ ಹಾಸುವ ಎಳೆಗಳು), ಸೆರಗಿನ ಹಾಸು ಎರಡೂ ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ನೇಯುತ್ತಾರೆ. ಆ ಕೊಂಡಿ ಕಾಣಿಸದ ಫೋಟೋ ಎಷ್ಟು ಚೆಂದವಿದ್ದರೂ ನನ್ನ ಪಾಲಿಗೆ ಅದು ಕ್ಯಾಲೆಂಡರ್ ಚಿತ್ರ ಅಷ್ಟೇ.

ತಂಗಿಯ ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹಸಿರು ಸೀರೆ ಬೇಕಿತ್ತು. ಅವಳಿರುವುದು ಪುಣೆಯಲ್ಲಿ, ನಾನು ಹುಬ್ಬಳ್ಳಿಯಲ್ಲಿ. ಇಳಕಲ್‌ಗೇ ಹೋಗಿ ತರೋಣವೆಂದರೆ ದಿನವೆಲ್ಲಾ ಬಸ್ಸಿನಲ್ಲೇ. ಹಾಗಾಗಿ ಎರಡು ಕಡೆ ನೋಡಿದೆ: ಒಂದು ದೊಡ್ಡ ಆ್ಯಪ್, ಇನ್ನೊಂದು ಇಳಕಲ್‌ನ ನೇಕಾರ ಮನೆತನವೊಂದು ತಾನೇ ನಡೆಸುವ ಪುಟ್ಟ ಜಾಲತಾಣ. ಹೆಸರು ಎರಡರದ್ದೂ ಬೇಡ. ಒಬ್ಬರಿಗೆ ಬೈಗುಳ, ಇನ್ನೊಬ್ಬರಿಗೆ ಜಾಹೀರಾತು ಆದೀತು.

ದೊಡ್ಡ ಆ್ಯಪ್‌ನಲ್ಲಿ ಇಳಕಲ್ ಅಂತ ಹುಡುಕಿದರೆ ನೂರಾರು ಸೀರೆ ಸುರಿಯುತ್ತವೆ. ಆರುನೂರು ರೂಪಾಯಿಗೂ ಇಳಕಲ್! ಒತ್ತಿ ನೋಡಿದರೆ ವಿವರದ ತಳದಲ್ಲೆಲ್ಲೋ ಸಣ್ಣಕ್ಷರದಲ್ಲಿ ಪಾಲಿಯೆಸ್ಟರ್. ಅಗ್ಗದ ಸೀರೆ ಮಾರುವುದು ತಪ್ಪೆಂದು ನಾನು ಹೇಳುತ್ತಿಲ್ಲ, ದಿನಬಳಕೆಗೆ ನಾನೂ ಉಡುತ್ತೇನೆ. ಆದರೆ ನೂಲು ಯಾವುದು, ಕೈಮಗ್ಗವೋ ಪವರ್‌ಲೂಮೋ ಅನ್ನುವುದನ್ನು ಬೆಲೆಯ ಪಕ್ಕದಲ್ಲೇ ಬರೆದರೆ ಯಾರ ಗಂಟು ಹೋಗುತ್ತದೆ? ಇಳಕಲ್‌ನಲ್ಲಿ ಹತ್ತಿ-ಹತ್ತಿ, ರೇಷ್ಮೆ-ಹತ್ತಿ, ರೇಷ್ಮೆ-ರೇಷ್ಮೆ ಎಂಬ ಬಗೆಗಳಿವೆ, ಬೆಲೆ ಹೆಚ್ಚುಕಮ್ಮಿಯಾಗುವುದೇ ಅದರಿಂದ. ಫಿಲ್ಟರ್‌ನಲ್ಲಿ ಮಾತ್ರ 'ಪಾರ್ಟಿವೇರ್', 'ಕ್ಯಾಶುವಲ್' ಅಂತ ಕೊಟ್ಟಿದ್ದಾರೆ. ಕುಬಸ ಪಾರ್ಟಿಯೋ ಕ್ಯಾಶುವಲ್ಲೋ ನೀವೇ ಹೇಳಿ.

ಅದೇ ಪುಟದಲ್ಲಿ ಗಡಿಯಾರವೊಂದು ಓಡುತ್ತಿತ್ತು. ಹತ್ತು ನಿಮಿಷದೊಳಗೆ ಕೊಂಡರೆ ಮಾತ್ರ ಈ ಬೆಲೆಯಂತೆ. ಎದ್ದುಹೋಗಿ ಚಹಾ ಮಾಡಿಕೊಂಡು ಬಂದು ಪುಟವನ್ನು ಮತ್ತೆ ತೆರೆದೆ, ಗಡಿಯಾರ ಮತ್ತೆ ಹತ್ತರಿಂದಲೇ ಶುರು. ಹಣ ಕಟ್ಟುವ ಹಂತಕ್ಕೆ ಬಂದಾಗ ನಾನು ಕೇಳದ ಗಿಫ್ಟ್ ಪ್ಯಾಕಿಂಗ್ ಬುಟ್ಟಿಯಲ್ಲಿ ಕೂತಿತ್ತು, ಮೊದಲೇ ಟಿಕ್ ಆಗಿ. ಹೀಗೆ ಟಿಕ್ ಹಾಕಿಟ್ಟು ಒಪ್ಪಿಗೆ ಪಡೆಯಬಾರದು ಎಂದು 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳಲ್ಲೇ ಇದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ 'ಡಾರ್ಕ್ ಪ್ಯಾಟರ್ನ್' ಎಂದು ಪಟ್ಟಿ ಮಾಡಿದ 13 ಕಳ್ಳದಾರಿಗಳಲ್ಲಿ ಸುಳ್ಳು ಅವಸರವೂ ಇದೆ, ಬುಟ್ಟಿಗೆ ಗುಟ್ಟಾಗಿ ತುಂಬುವುದೂ ಇದೆ. ಇಂಥದ್ದು ಕಂಡರೆ 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ನಾನು ಮಾಡಲಿಲ್ಲ, ಬುಟ್ಟಿ ಖಾಲಿ ಮಾಡಿ ಆ್ಯಪ್ ಮುಚ್ಚಿದೆ.

ಇನ್ನು ನೇಕಾರರ ಜಾಲತಾಣ. ನೋಡಲು ಅಂಥ ಚೆಂದವೇನಿಲ್ಲ. ಅಕ್ಷರ ದಪ್ಪ, ಬಣ್ಣ ಹಳೇ ಕಾಲದ್ದು, ಪುಟ ತೆರೆಯಲು ತುಸು ಕಾಯಬೇಕು. ಆದರೆ ಒಂದೊಂದು ಸೀರೆಗೂ ಒಳಗಿನ ಬೆಳಕಿನಲ್ಲಿ ಒಂದು, ಬಿಸಿಲಿನಲ್ಲಿ ಒಂದು ಫೋಟೋ ಇದೆ. ಹಿಂಬದಿಯದ್ದು ಇದೆ, ಕೊಂಡಿಯದ್ದೂ ಇದೆ. ಕೆಳಗೆ ಕನ್ನಡದಲ್ಲಿ ವಿವರ: ದಡಿ (ಅಂಚು) ಚಿಕ್ಕಿ ಪರಾಸ ವಿನ್ಯಾಸದ್ದು, ಸೆರಗು ಟೋಪ್ ತೆನಿ ವಿನ್ಯಾಸದ್ದು, ಹಾಸು ಹತ್ತಿ, ಸೆರಗಿಗೆ ರೇಷ್ಮೆ, ಉದ್ದ ಇಷ್ಟು, ಕುಪ್ಪಸದ ಬಟ್ಟೆ ಇಲ್ಲ. ಈ ಕೊನೆಯ ಮಾತು ದೊಡ್ಡದು. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣದ ಕುಪ್ಪಸ ಹೊಲಿಸುವ ರೂಢಿ ನಮ್ಮ ಕಡೆಯವರಿಗೆ ಗೊತ್ತು, ಪುಣೆಯಲ್ಲಿ ಬೆಳೆದ ಹುಡುಗಿಗೆ ಗೊತ್ತಿರಬೇಕೆಂದೇನಿಲ್ಲ. ಗೊತ್ತಿಲ್ಲದೆ ತರಿಸಿಕೊಂಡು 'ಬ್ಲೌಸ್ ಪೀಸ್ ಕೊಟ್ಟಿಲ್ಲ' ಎಂದು ಒಂದೇ ಸ್ಟಾರ್ ಕೊಟ್ಟವರನ್ನು ಬೇರೆ ಕಡೆ ಕಂಡಿದ್ದೇನೆ.

ಸ್ಟಾರ್‌ಗಳ ವಿಷಯ ಬಂತು, ಹೇಳಿಬಿಡುತ್ತೇನೆ: 'ಸೂಪರ್ ಪ್ರಾಡಕ್ಟ್, ಫಾಸ್ಟ್ ಡೆಲಿವರಿ' ಅನ್ನುವ ವಿಮರ್ಶೆಗಳಿಂದ ನನಗೆ ಕಾಸಿನ ಉಪಯೋಗವಿಲ್ಲ. ಈ ತಾಣದಲ್ಲಿ ಒಬ್ಬ ಹೆಣ್ಣುಮಗಳು, ಮೊದಲ ಸಲ ಒಗೆದಾಗ ಸೆರಗಿನ ಕೆಂಪು ಒಡಲಿಗೆ ಹತ್ತಿತು ಎಂದು ಫೋಟೋ ಸಮೇತ ಹಾಕಿದ್ದಾಳೆ. ಅಂಗಡಿಯವರು ಅದನ್ನು ಅಳಿಸಿಲ್ಲ. ಕೆಳಗೇ ಉತ್ತರ ಬರೆದು, ಆಮೇಲೆ ಎಲ್ಲ ಸೀರೆಗಳ ವಿವರದಲ್ಲೂ 'ಮೊದಲ ಸಲ ಡ್ರೈ ವಾಶ್ ಮಾಡಿಸಿ' ಎಂದು ಸೇರಿಸಿದ್ದಾರೆ. ನನಗೆ ನಂಬಿಕೆ ಬಂದದ್ದು ಆ ಒಂದು ದೂರಿನಿಂದ.

ಬಣ್ಣದ ವಿಚಾರದಲ್ಲಿ ಅನುಮಾನವಿತ್ತು. ಕುಬಸಕ್ಕೆ ಗಿಳಿ ಹಸಿರೇ ಬೇಕೆಂದು ತಂಗಿಯ ಹಟ, ಫೋಟೋದಲ್ಲಿ ಕಂಡದ್ದು ನವಿಲು ಹಸಿರು. ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದೆ. ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುವ ಯಂತ್ರವಲ್ಲ, ಆ ಮನೆಯ ಸೊಸೆಯೇ ಎತ್ತಿದಳು.

"ಅಕ್ಕಾರ, ಒಳಗ ಹಂಗ ಕಾಣತೈತ್ರಿ. ಬಿಸಲಾಗ ಹಿಡದ್ರ ಗಿಳಿ ಹಸರ ಐತಿ. ತಡೀರಿ, ವಿಡಿಯೋ ಕಾಲ್ ಮಾಡ್ತೀನಿ, ನೀವ ನೋಡಿ ಹೇಳ್ರಿ. ಸೇರಲಿಲ್ಲಂದ್ರ ಬ್ಯಾಡ್ರಿ, ಒತ್ತಾಯಿಲ್ಲ."

ಮಾಡಿದಳು ಕೂಡ. ಅಂಗಳಕ್ಕೆ ತಂದು ಮಡಿಕೆ ಬಿಚ್ಚಿ ತೋರಿಸಿದಳು. ಹಿಂದೆ ಮಗ್ಗದ ಸದ್ದು ಕೇಳುತ್ತಿತ್ತು. ನೂರು ಮಂದಿ ಒಂದೇ ಹೊತ್ತಿಗೆ ಫೋನ್ ಮಾಡಿದರೆ ಇದು ನಡೆಯುವ ಮಾತಲ್ಲ ಎಂಬುದು ನಿಜ. ಆದರೂ ದೊಡ್ಡ ಆ್ಯಪ್‌ಗಳು ಬಿಸಿಲಿನಲ್ಲಿ ತೆಗೆದ ಒಂದು ಫೋಟೋವನ್ನಾದರೂ ಕಡ್ಡಾಯ ಮಾಡಬಹುದಲ್ಲ.

ಬೆಲೆ ಮೂರು ಸಾವಿರದ ಮೇಲೆ ಸ್ವಲ್ಪ. ಪುಣೆಗೆ ಕಳಿಸುವ ಖರ್ಚನ್ನು ಪಿನ್‌ಕೋಡ್ ಹಾಕುತ್ತಲೇ ತೋರಿಸಿತು, ಕಡೆಯ ಪುಟದಲ್ಲಿ ಹೊಸದೇನೂ ಕೂಡಲಿಲ್ಲ. ವಾಪಸ್ಸಿನ ನಿಯಮ ಹಣ ಕಟ್ಟುವ ಬಟನ್‌ನ ಮೇಲೆಯೇ ಇದೆ: ಏಳು ದಿನ, ಉಟ್ಟಿರಬಾರದು, ಫಾಲ್ ಹಚ್ಚಿಸಿರಬಾರದು, ವಾಪಸ್ ಕಳಿಸುವ ಖರ್ಚು ಕೊಂಡವರದು. ಕೊನೆಯದು ನನಗೆ ಹಿಡಿಸಲಿಲ್ಲ, ಆದರೆ ಮೊದಲೇ ಹೇಳಿದ್ದಾರೆ. ದೂರು ಬಂದ 48 ಗಂಟೆಯೊಳಗೆ ಅದು ತಲುಪಿದೆ ಎಂದು ಅಂಗಡಿಯವರು ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು ಎಂದು ಆ 2020ರ ನಿಯಮಗಳಲ್ಲೇ ಇದೆ. ದೂರು ಯಾರಿಗೆ ಕೊಡಬೇಕೆಂಬ ಹೆಸರು, ನಂಬರನ್ನೂ ಪುಟದ ಕೆಳಗೆ ಹಾಕಿದ್ದಾರೆ.

ಕೊರತೆ ಇಲ್ಲವೆಂದಲ್ಲ. ಕ್ಯಾಶ್ ಆನ್ ಡೆಲಿವರಿ ಇಲ್ಲ. ನನ್ನ ಅತ್ತಿಗೆಯಂಥವರು ಸೀರೆ ಕೈಗೆ ಬಾರದೆ ಒಂದು ಪೈಸೆ ಬಿಚ್ಚುವವರಲ್ಲ. ಅವರಿಗೆ ಈ ಅಂಗಡಿ ಒಗ್ಗುವುದಿಲ್ಲ. ಆರ್ಡರ್ ರದ್ದು ಮಾಡಲು ಬಟನ್ ಇಲ್ಲ, ಫೋನೇ ಮಾಡಬೇಕು, ಮಧ್ಯಾಹ್ನ ಊಟದ ಹೊತ್ತಿಗೆ ಯಾರೂ ಎತ್ತುವುದಿಲ್ಲ. ಪಾರ್ಸೆಲ್ ಎಲ್ಲಿದೆ ಎಂಬ ಸಂದೇಶ ಹುಬ್ಬಳ್ಳಿಯ ನನಗೆ ಬಂತೇ ಹೊರತು, ಪುಣೆಯಲ್ಲಿ ಬಾಗಿಲು ತೆರೆಯಬೇಕಾದ ಹುಡುಗಿಗೆ ಬರಲಿಲ್ಲ. ಕೊಳ್ಳುವವರ ನಂಬರ್, ಪಡೆಯುವವರ ನಂಬರ್ ಅಂತ ಎರಡು ಖಾನೆ ಇಟ್ಟರೆ ಮುಗಿಯಿತು, ಇದನ್ನು ಅವರಿಗೂ ಬರೆದಿದ್ದೇನೆ.

ಐದರಲ್ಲಿ ನಾಲ್ಕು ಕೊಡುತ್ತೇನೆ. ಕೆಲವು ಸೀರೆಗಳ ಕೆಳಗೆ 'ಮಗ್ಗದ ಮೇಲಿದೆ' ಎಂದಿರುತ್ತದೆ, ಅಂಥವು ಕೈಸೇರಲು ವಾರಗಟ್ಟಲೆ ಬೇಕು. ಪಂಚಮಿಗೆ ಉಡಬೇಕೆನ್ನುವವರು ಈಗಲೇ ಹೇಳಿಡುವುದು ಒಳ್ಳೆಯದು.